ಬೇಸ್ ಗಿಟಾರ್‌ಗೆ ಇನ್ನೊಂದು ಪಿಕಪ್: ಕೊರೆಯುವ ಮುಂಚೆ ಕೇಳಿ ನೋಡಿ

ಪ್ರಶ್ನೆ: ನಾನು ಗಂಗಾವತಿಯವನು. ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಜಾತ್ರೆ, ಗಣಪತಿ, ಮದುವೆ ಆರತಕ್ಷತೆ, ಹೆಚ್ಚಾಗಿ ಇಂಥ ಕಾರ್ಯಕ್ರಮಗಳೇ. ನನ್ನದು ಪ್ರಿಸಿಷನ್ ಮಾದರಿಯ ನಾಲ್ಕು ತಂತಿಯ ಬೇಸ್, ಸೆಕೆಂಡ್ ಹ್ಯಾಂಡ್. ಎರಡು ತುಂಡಾಗಿರುವ ಒಂದೇ ಪಿಕಪ್ (ತಂತಿಯ ಅಲುಗಾಟ ಹಿಡಿದು ಆಂಪ್‌ಗೆ ಕಳಿಸುವ ಭಾಗ) ಇದೆ. ಮನೆಯಲ್ಲಿ ಒಬ್ಬನೇ ನುಡಿಸಿದರೆ ದಪ್ಪಗೆ, ಚೆನ್ನಾಗಿ ಕೇಳಿಸುತ್ತದೆ. ಸ್ಟೇಜಿನಲ್ಲಿ ಕೀಬೋರ್ಡ್, ರಿದಂ ಪ್ಯಾಡ್ ಸೇರಿದ ಮೇಲೆ ನನ್ನ ನೋಟ್ ಎಲ್ಲಿ ಹೋಯಿತೆಂದು ನನಗೇ ಗೊತ್ತಾಗುವುದಿಲ್ಲ. ಅದಕ್ಕೆ ಬ್ರಿಡ್ಜ್ (ಬಾಡಿ ಮೇಲೆ ತಂತಿಗಳ ತುದಿ ಕೂರುವ ಭಾಗ) ಹತ್ತಿರ ಒಂದು ಜಾಝ್ ಪಿಕಪ್ ಕೂರಿಸಬೇಕೆಂದಿದ್ದೇನೆ. ಪರಿಚಯದ ಬಡಗಿಯೊಬ್ಬರು ಟ್ರಿಮ್ಮರ್‌ನಲ್ಲಿ (ಮರ ಕೊರೆಯುವ ಕೈಯಂತ್ರ) ಅರ್ಧ ಗಂಟೆಯಲ್ಲಿ ಕೊರೆದುಕೊಡುತ್ತೇನೆ ಎನ್ನುತ್ತಾರೆ. ಆದರೆ ಮರ ತೆಗೆದರೆ ಸಸ್ಟೇನ್, ಅಂದರೆ ನೋಟ್ ಉಳಿಯುವ ಹೊತ್ತು, ಸಾಯುತ್ತದೆ ಎಂದು ನಮ್ಮ ಗಿಟಾರಿಸ್ಟ್ ಹೆದರಿಸಿದ. 24ನೇ ಫ್ರೆಟ್ (ತಂತಿ ಒತ್ತುವ ಮೆಟ್ಟಿಲು) ಲೆಕ್ಕ ಹಾಕಿಯೇ ಪಿಕಪ್ ಇಡಬೇಕು ಎಂದು ಇನ್ನೊಬ್ಬ. ನಮ್ಮ ಕಡೆಯ ಕೆಂಪು ಧೂಳಿನಲ್ಲಿ ಕಬ್ಬಿಣ ಇದೆ, ಪಿಕಪ್ ಜಾಸ್ತಿ ಆದಷ್ಟೂ ಧೂಳು ಅಂಟುತ್ತದೆ ಎಂದು ಮತ್ತೊಬ್ಬ. ಜೊತೆಗೆ, ಕೆಲವು ಜಾತ್ರೆ ಸ್ಟೇಜ್‌ಗಳಲ್ಲಿ ಕೋರಸ್ ಹಾಡಲು ಹೋಗಿ ಮೈಕಿಗೆ ತುಟಿ ತಾಗಿದರೆ ಜುಂ ಎನ್ನುತ್ತದೆ. ಎರಡನೇ ಪಿಕಪ್ ಹಾಕಿದರೆ ಅದು ಹೆಚ್ಚಾಗುತ್ತದಾ? ಈ ಕೆಲಸ ಮನೆಯಲ್ಲೇ ಮಾಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಬಾಡಿ ಕೊರೆಯಬಹುದಾ ಎನ್ನುವುದು ಒಂದು. ಸ್ಟೇಜಿನಲ್ಲಿ ನನ್ನ ಬೇಸ್ ಯಾಕೆ ಕಾಣೆಯಾಗುತ್ತದೆ ಎನ್ನುವುದು ಇನ್ನೊಂದು. ನೀವು ಕೇಳಿದ್ದು ಮೊದಲನೆಯದು. ತೊಂದರೆ ಇರುವುದು ಎರಡನೆಯದರಲ್ಲಿ.

ಮೊದಲನೆಯದಕ್ಕೆ ಉತ್ತರ ಹೌದು, ಕೊರೆಯಬಹುದು. ಮನೆಯಲ್ಲೂ ಮಾಡಬಹುದು. ಬಳ್ಳಾರಿಯಲ್ಲಿ ನನ್ನ ಮೇಜಿನ ಮೇಲೆ ಮನೆಯಲ್ಲಿ ಕೊರೆದ ಗಿಟಾರ್‌ಗಳು ಆಗಾಗ ಬಂದು ಮಲಗುತ್ತವೆ. ಅವುಗಳಲ್ಲಿ ಕೆಟ್ಟಿರುವುದು ಮರವಲ್ಲ. ಜಾಗ ತಪ್ಪಿರುತ್ತದೆ, ಇಲ್ಲವೇ ಟ್ರಿಮ್ಮರ್ ಜಾರಿರುತ್ತದೆ, ಇಲ್ಲವೇ ಎಲ್ಲ ಸರಿಯಿದ್ದೂ ಅವರಿಗೆ ಬೇಕಾದ ಸೌಂಡ್ ಬಂದಿರುವುದಿಲ್ಲ. ಮೂರನೆಯದನ್ನು ರಿಪೇರಿ ಮಾಡಲು ನನ್ನಿಂದಲೂ ಆಗುವುದಿಲ್ಲ.

ಮೊದಲು ನಿಮ್ಮನ್ನು ಹೆದರಿಸಿದವರ ಮಾತು ನೋಡೋಣ.

ಸಸ್ಟೇನ್ ಸಾಯುವುದಿಲ್ಲ. ವೀಣೆಯ ಕುಂಡಕ್ಕೆ ಪೆಟ್ಟಾದರೆ ನಾದ ಕೆಡುತ್ತದಲ್ಲ, ಆ ಭಯವನ್ನೇ ಜನ ಇಲ್ಲಿಗೂ ತರುತ್ತಾರೆ. ನಿಮ್ಮ ಬೇಸ್‌ನಲ್ಲಿ ಕುಂಡವೇ ಇಲ್ಲ, ಅದು ಗಟ್ಟಿ ಮರದ ಹಲಗೆ. ಉಕ್ಕಿನ ತಂತಿ ಅಯಸ್ಕಾಂತದ ಮುಂದೆ ಅಲುಗುತ್ತದೆ, ಸುತ್ತಲಿನ ತಾಮ್ರದ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಆಂಪ್ ಅದನ್ನು ದೊಡ್ಡದು ಮಾಡುತ್ತದೆ. ಜಾಝ್ ಪಿಕಪ್ಪಿನ ಗುಂಡಿ ಸುಮಾರು 9.5 ಸೆಂ.ಮೀ ಉದ್ದ, 2 ಸೆಂ.ಮೀಗೆ ಸ್ವಲ್ಪ ಕಡಿಮೆ ಅಗಲ, 2 ಸೆಂ.ಮೀ ಆಳ. ಹಗುರ ಮರವಾದರೆ ಇಪ್ಪತ್ತು ಗ್ರಾಂ ಆಸುಪಾಸು ಪುಡಿ ಹೊರಗೆ ಬರುತ್ತದೆ, ಅಷ್ಟೇ. ಬಾಡಿಯ ದಪ್ಪ ಸಾಮಾನ್ಯವಾಗಿ 44-45 ಮಿ.ಮೀ. ಗುಂಡಿಯ ಕೆಳಗೆ ಅರ್ಧಕ್ಕಿಂತ ಜಾಸ್ತಿ ಮರ ಉಳಿಯುತ್ತದೆ. ಕಾರ್ಖಾನೆಯಿಂದಲೇ ಎರಡು ಪಿಕಪ್ ಇಟ್ಟುಕೊಂಡು ಬರುವ ಬೇಸ್‌ಗಳಲ್ಲೂ ಇದೇ ಗುಂಡಿ ಇರುತ್ತದೆ, ಅಲ್ವಾ? ಅವೇನೂ ಸತ್ತಿಲ್ಲ. ಜಿ ತಂತಿಯಲ್ಲಿ ಐದು, ಆರು, ಏಳನೇ ಫ್ರೆಟ್ ಹತ್ತಿರ ಕೆಲವು ಬೇಸ್‌ಗಳಲ್ಲಿ ನೋಟ್ ಬೇಗ ಆರಿಹೋಗುವುದುಂಟು. ಅದಕ್ಕೆ ಮುಖ್ಯ ಕಾರಣ ನೆಕ್ (ಫ್ರೆಟ್‌ಗಳಿರುವ ಉದ್ದನೆಯ ಕತ್ತು) ಅಲುಗುವ ರೀತಿ. ಪಿಕಪ್ ಗುಂಡಿಗೂ ಅದಕ್ಕೂ ಸಂಬಂಧವಿಲ್ಲ.

ಸಸ್ಟೇನ್ ಕೆಡಿಸುವ ಒಂದು ಕೆಲಸ ಮಾತ್ರ ಪಿಕಪ್ಪಿನಿಂದ ಆಗುತ್ತದೆ. ಅದನ್ನು ತಂತಿಗೆ ತೀರಾ ಹತ್ತಿರ ಎತ್ತಿದರೆ ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ. ದಪ್ಪ ತಂತಿಯಲ್ಲಿ ಶ್ರುತಿ ತೇಲುತ್ತದೆ, ಒಂದೇ ನೋಟ್ ಎರಡಾಗಿ ಕೇಳಿಸುತ್ತದೆ. ಇದಕ್ಕೆ ಸ್ಕ್ರೂ ತಿರುಗಿಸಿ ಇಳಿಸಿದರೆ ಮುಗಿಯಿತು.

24ನೇ ಫ್ರೆಟ್ ಲೆಕ್ಕಕ್ಕೆ ಅರ್ಧ ಸತ್ಯ ಇದೆ. 34 ಇಂಚು ಸ್ಕೇಲಿನ (ಅಲುಗುವ ತಂತಿಯ ಉದ್ದ) ಬೇಸ್‌ನಲ್ಲಿ 24ನೇ ಫ್ರೆಟ್ ಬರುವ ಜಾಗ ಬ್ರಿಡ್ಜ್‌ನಿಂದ ಎಂಟೂವರೆ ಇಂಚು ದೂರ, ಅಂದರೆ ತಂತಿಯ ಕಾಲು ಭಾಗ. ಅಲ್ಲಿ ಪಿಕಪ್ ಇಟ್ಟರೆ ಖಾಲಿ ತಂತಿಯ ನಾಲ್ಕನೇ ಹಾರ್ಮೋನಿಕ್ (ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಾಂಶ) ಅದಕ್ಕೆ ಸಿಗುವುದಿಲ್ಲ. ಆದರೆ ನೀವು ಮೂರನೇ ಫ್ರೆಟ್ ಒತ್ತಿದ ಕೂಡಲೇ ತಂತಿಯ ಉದ್ದ ಬದಲಾಯಿತು, ಆ ಜಾಗವೂ ಸರಿಯಿತು. ಹಾಡಿನಲ್ಲಿ ಖಾಲಿ ತಂತಿಯನ್ನೇ ಯಾರು ನುಡಿಸುತ್ತಾರೆ? ನೀವು ಹಾಕಬೇಕೆಂದಿರುವ ಜಾಗವಂತೂ ಬ್ರಿಡ್ಜ್‌ನಿಂದ ಐದರಿಂದ ಆರೂವರೆ ಸೆಂಟಿಮೀಟರ್ ಮಾತ್ರ. ಅಲ್ಲಿಗೆ 24ರ ಲೆಕ್ಕ ಬರುವುದೇ ಇಲ್ಲ.

ಧೂಳಿನ ಮಾತು ಕೇಳಿ ನಗು ಬಂತು, ಆದರೆ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಸಂಡೂರು, ಹೊಸಪೇಟೆ ಕಡೆಯ ಅದಿರು ಬಹುಪಾಲು ಹೆಮಟೈಟ್. ಅದರಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಅಯಸ್ಕಾಂತ ಹಿಡಿದರೆ ಅದು ಹೆಚ್ಚೇನೂ ಜಗ್ಗುವುದಿಲ್ಲ. ಜೋರಾಗಿ ಅಂಟುವುದು ಮ್ಯಾಗ್ನೆಟೈಟ್ ಎಂಬ ಬೇರೆ ಅದಿರು. ಹಾಗಾಗಿ ನಮ್ಮ ಕೆಂಧೂಳು ಪಿಕಪ್ಪಿಗಿಂತ ವಾಲ್ಯೂಮ್ ಪಾಟ್‌ಗಳಿಗೆ (ನಾಬ್ ಕೆಳಗೆ ತಿರುಗುವ ಭಾಗ) ಹೆಚ್ಚು ಶತ್ರು. ತಿರುಗಿಸಿದಾಗ ಕರಕರ ಎನ್ನುತ್ತದಲ್ಲ, ಅದು. ಒಳ್ಳೆಯ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಪಿಕಪ್ಪಿಗೆ ನಿಜವಾಗಿ ಅಂಟುವುದು ಉಕ್ಕಿನ ಸಿಪ್ಪೆ. ನಿಮ್ಮ ಬಡಗಿಯ ಅಂಗಡಿ ಪಕ್ಕ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ಇದ್ದರೆ ಪಿಕಪ್ಪನ್ನು ಅಲ್ಲಿ ಡಬ್ಬಿಯಿಂದ ತೆಗೆಯಲೇಬೇಡಿ. ಗ್ರೈಂಡರ್‌ನಿಂದ ಹಾರಿದ ಚೂರು ಒಮ್ಮೆ ಸುರುಳಿಯ ಕಡೆ ನುಗ್ಗಿದರೆ ತೆಗೆಯುವುದು ಕಷ್ಟ. ಕೂದಲಿನಷ್ಟು ತೆಳ್ಳಗಿನ ವೈರ್ ಅದು, ತುಂಡಾದರೆ ಪಿಕಪ್ ಮುಗಿಯಿತು.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ.

ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಿದ್ದು 1951ರಲ್ಲಿ. ನಿಮ್ಮದರಲ್ಲಿರುವಂಥ ಎರಡು ತುಂಡಿನ ಪಿಕಪ್ ಅದಕ್ಕೆ ಬಂದಿದ್ದು 1957ರಲ್ಲಿ. ಎರಡು ಪಿಕಪ್ಪಿನ ಜಾಝ್ ಬೇಸ್ 1960ರಲ್ಲಿ ಬಂತು. ಮೊದಲನೆಯದರ ಬಾಡಿಯಲ್ಲಿ ಎರಡನೆಯದರ ಬ್ರಿಡ್ಜ್ ಪಿಕಪ್ ಸೇರಿಸುವುದನ್ನೇ ಪಿ-ಜೆ ಎನ್ನುತ್ತಾರೆ. ಹಳೆಯ, ಎಲ್ಲರಿಗೂ ಗೊತ್ತಿರುವ ಜೋಡಿ. ಬ್ರಿಡ್ಜ್ ಹತ್ತಿರ ತಂತಿ ಕಡಿಮೆ ಅಲುಗುತ್ತದೆ, ಅಲ್ಲಿ ಮೇಲಿನ ಹಾರ್ಮೋನಿಕ್‌ಗಳ ಪಾಲು ಜಾಸ್ತಿ. ಅದಕ್ಕೇ ಜೆ ಪಿಕಪ್ ಸೌಂಡ್ ಸಣ್ಣಗೆ, ಗಡುಸಾಗಿ, ಮೂಗಿನಿಂದ ಮಾತಾಡಿದ ಹಾಗೆ ಬರುತ್ತದೆ. ಅದನ್ನು ಪಿ ಜೊತೆ ಬೆರೆಸಿದರೆ ಸ್ಪಷ್ಟತೆ ಸಿಗುತ್ತದೆ ಎನ್ನುವುದು ನಿಮ್ಮ ಲೆಕ್ಕ.

ಇಲ್ಲೇ ಒಂದು ತೊಡಕಿದೆ. ಎರಡೂ ಪಿಕಪ್ಪನ್ನು ಪೂರ್ತಿ ತೆರೆದರೆ ಅವು ಪ್ಯಾರಲಲ್ ಆಗಿ (ಅಕ್ಕಪಕ್ಕ) ಸೇರುತ್ತವೆ. ಎರಡು ಜಾಗದಿಂದ ಬಂದ ಸಿಗ್ನಲ್‌ಗಳಲ್ಲಿ ಕೆಲವು ಮಧ್ಯದ ಸ್ವರಾಂಶಗಳು ಒಂದನ್ನೊಂದು ಕಳೆಯುತ್ತವೆ. ಮಿಡ್ ತಗ್ಗುತ್ತದೆ. ಒಬ್ಬನೇ ಕೂತು ಕೇಳಿದರೆ ಅದು ಬಹಳ ಚಂದ. ಸ್ಟೇಜಿನಲ್ಲಿ ಬೇಸ್ ಕಿವಿಗೆ ಬೀಳುವುದು ಅದೇ ಮಿಡ್‌ನಿಂದ. ಅಂದರೆ ಕೇಳಿಸಲಿ ಎಂದು ಗುಂಡಿ ಕೊರೆದು, ಎರಡೂ ನಾಬ್ ತಿರುಗಿಸಿ, ಮೊದಲಿಗಿಂತ ಜಾಸ್ತಿ ಕಾಣೆಯಾಗಬಹುದು. ಪಿ ಪೂರ್ತಿ ಇಟ್ಟು ಜೆ ಅರ್ಧ ತೆರೆದರೆ ಪರವಾಗಿಲ್ಲ ಎನ್ನುವವರು ಬಹಳ. ಅದು ನಿಮ್ಮ ಕೈಗೆ, ನಿಮ್ಮ ತಂಡಕ್ಕೆ ಒಪ್ಪುತ್ತದೋ ಇಲ್ಲವೋ ಕೇಳಿಯೇ ತಿಳಿಯಬೇಕು.

ಕೊರೆಯದೆ ಕೇಳುವುದು ಹೇಗೆ? ಪಿಕಪ್ ತಂತಿಯ ಕೆಳಗೇ ಇರಬೇಕು ಎಂದೇನಿಲ್ಲ. ಮೇಲಿನಿಂದಲೂ ಅದಕ್ಕೆ ಕೇಳಿಸುತ್ತದೆ. ಜೆ ಪಿಕಪ್ಪನ್ನು ಬೋರಲು ಹಾಕಿ, ತಂತಿಗಳ ಮೇಲೆ ಮೂರು ನಾಲ್ಕು ಮಿಲಿಮೀಟರ್ ಎತ್ತರದಲ್ಲಿ ನಿಲ್ಲಿಸಿ. ಎರಡೂ ಬದಿಗೆ ಚಿಕ್ಕ ಮರದ ತುಂಡು ಇಟ್ಟು ಮಾಸ್ಕಿಂಗ್ ಟೇಪ್ ಸುತ್ತಿದರೆ ಸಾಕು. ಅದರ ಎರಡು ವೈರನ್ನು ಮೊಸಳೆ ಕ್ಲಿಪ್‌ನಿಂದ ಔಟ್‌ಪುಟ್ ಜ್ಯಾಕಿನ ಎರಡು ಕಾಲಿಗೆ ಸಿಕ್ಕಿಸಿ. ಈಗ ಪಿ ಮತ್ತು ಜೆ ಎರಡೂ ಒಟ್ಟಿಗೆ ಕೇಳುತ್ತವೆ. ಜೆ ಒಂದೇ ಬೇಕೆಂದರೆ ಪಿ ಪಿಕಪ್ಪಿನ ಹಾಟ್ ವೈರ್ (ಸಿಗ್ನಲ್ ಒಯ್ಯುವ ವೈರ್) ಬಿಡಿಸಿ. ಸೌಂಡ್ ತೀರಾ ತೆಳುವಾಗಿ, ಕೆಳಗಿನ ಸ್ವರವೇ ಹೋದ ಹಾಗಿದ್ದರೆ ಜೆ ವೈರ್ ಅದಲುಬದಲು ಮಾಡಿ. ಮೇಲಿನಿಂದ ಕೇಳುವಾಗ ತಂತಿ ಹತ್ತಿರ ಬರುವುದು, ದೂರ ಹೋಗುವುದು ಉಲ್ಟಾ ಆಗುತ್ತದೆ, ಅದಕ್ಕೆ ಫೇಸ್ (ಸಿಗ್ನಲ್ ಏರಿಳಿಯುವ ದಿಕ್ಕು) ಕೂಡ ಉಲ್ಟಾ ಬರಬಹುದು. ಪಿಕಪ್ಪನ್ನು ಹಿಂದೆ ಮುಂದೆ ಒಂದೊಂದು ಸೆಂಟಿಮೀಟರ್ ಸರಿಸಿ ಕೇಳಿ. ಫೆಂಡರ್ ಕೂಡ ಜಾಝ್ ಬೇಸ್‌ನ ಬ್ರಿಡ್ಜ್ ಪಿಕಪ್ಪನ್ನು 1970ರ ದಶಕದಲ್ಲಿ ಸುಮಾರು ಒಂದು ಸೆಂಟಿಮೀಟರ್ ಬ್ರಿಡ್ಜ್ ಕಡೆಗೆ ಸರಿಸಿತು. ಆ ಒಂದು ಸೆಂಟಿಮೀಟರ್ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಪ್ರಾಕ್ಟೀಸ್ ದಿನ, ಕೀಬೋರ್ಡ್ ಪ್ಯಾಡ್ ಎಲ್ಲ ಇರುವಾಗ ಮಾಡಿ. ಗೆಳೆಯನೊಬ್ಬ ದೂರ ಕೂತು ಕೇಳಲಿ.

ಅದೇ ದಿನ ಇನ್ನೂ ಕೆಲವನ್ನು ನೋಡಿಬಿಡಿ, ಯಾವುದಕ್ಕೂ ಉಳಿ ಬೇಕಿಲ್ಲ. ಬೇಸ್‌ನ ಖಾಲಿ ಇ ತಂತಿ ಸುಮಾರು 41 ಹರ್ಟ್ಸ್, ಜಿ ತಂತಿ 98. ಪ್ಯಾಡ್‌ನ ಕಿಕ್ ಕೂಡ ಅಲ್ಲೇ ಬಡಿಯುತ್ತದೆ. ಕೀಬೋರ್ಡಿನವರು ಎಡಗೈಯಲ್ಲಿ ಅದೇ ನೋಟ್ ಒತ್ತಿಕೊಂಡು ಕೂತಿದ್ದರೆ ಮೂವರೂ ಒಂದೇ ಕುರ್ಚಿಗೆ ಜಗಳವಾಡಿದ ಹಾಗೆ. ಅವರಿಗೆ ಎಡಗೈ ಒಂದು ಆಕ್ಟೇವ್ ಮೇಲೆ ತೆಗೆದುಕೊಳ್ಳಲು ಹೇಳಿ. ಹೇಳುವುದು ಕಷ್ಟ, ನನಗೆ ಗೊತ್ತು, ನಮ್ಮ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವರೇ ಯಜಮಾನರು. ಆದರೂ ಹೇಳಿ. ನಿಮ್ಮ ಚಾನೆಲ್‌ನಲ್ಲಿ 60 ಹರ್ಟ್ಸ್ ಆಸುಪಾಸು ಸ್ವಲ್ಪ ಇಳಿಸಿ, 700ರಿಂದ 1000ದ ನಡುವೆ ಸ್ವಲ್ಪ ಏರಿಸಿ. ಕೇಳುಗರ ಕಿವಿ ಕೆಳಗಿನ ಸ್ವರವನ್ನು ಮೇಲಿನ ಹಾರ್ಮೋನಿಕ್‌ಗಳಿಂದಲೇ ಊಹಿಸಿಕೊಳ್ಳುತ್ತದೆ. ತಂತಿ ಹಾಕಿ ಎಷ್ಟು ದಿನ ಆಯಿತು? ಬೇಸಿಗೆಯಲ್ಲಿ ನಲವತ್ತು ಡಿಗ್ರಿಯಲ್ಲಿ ಬೆವರು ಸುರಿಸಿ ನುಡಿಸಿದ ತಂತಿ ಬೇಗ ಮಂಕಾಗುತ್ತದೆ. ಹೊಸ ರೌಂಡ್‌ವೌಂಡ್ (ಗುಂಡನೆಯ ವೈರ್ ಸುತ್ತಿದ) ತಂತಿಯ ಸೆಟ್ ಒಂದೇ ಅರ್ಧ ಸಮಸ್ಯೆ ಕಳೆದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೆರಳನ್ನು ಬ್ರಿಡ್ಜ್ ಕಡೆ ಸರಿಸಿ ಮೀಟಿದರೂ ಸ್ವಲ್ಪ ಜೆ ಗುಣ ಬರುತ್ತದೆ.

ಇನ್ನೊಂದು ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಪಿ ಪಿಕಪ್ಪಿನ ಎರಡು ತುಂಡುಗಳು ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಸೇರಿವೆ. ಒಂದು ಸಣ್ಣ ಸ್ವಿಚ್ ಹಾಕಿ ಅವನ್ನು ಪ್ಯಾರಲಲ್ ಮಾಡಬಹುದು. ಔಟ್‌ಪುಟ್ ಇಳಿಯುತ್ತದೆ, ಆದರೆ ಸೌಂಡ್ ತೆಳುವಾಗಿ ಬಿಚ್ಚಿಕೊಳ್ಳುತ್ತದೆ. ಪಿಕ್‌ಗಾರ್ಡ್‌ನಲ್ಲಿ (ಬಾಡಿ ಮೇಲಿನ ತೆಳು ತಟ್ಟೆ) 6 ಮಿ.ಮೀ ತೂತು ಒಂದೇ ಖರ್ಚು.

ಇಷ್ಟೆಲ್ಲ ಆದ ಮೇಲೂ ನೇತುಹಾಕಿದ ಜೆ ಪಿಕಪ್ಪೇ ಇಷ್ಟವಾಯಿತು ಅಂದುಕೊಳ್ಳಿ. ಆಗ ಕೊರೆಯೋಣ.

ಮೊದಲು ಪಿಕಪ್ ಕೊಳ್ಳಿ, ಆಮೇಲೆ ಟೆಂಪ್ಲೇಟ್ (ಗುಂಡಿಯ ಆಕಾರ ಕತ್ತರಿಸಿದ ಅಚ್ಚಿನ ಹಲಗೆ). ಜಾಝ್ ಪಿಕಪ್‌ಗಳಲ್ಲಿ ಬ್ರಿಡ್ಜ್‌ನದು ನೆಕ್‌ನದಕ್ಕಿಂತ ಮೂರು ಮಿಲಿಮೀಟರ್‌ನಷ್ಟು ಉದ್ದ. ಅಂಗಡಿಯವರು ಯಾವುದೋ ಒಂದು ಕೊಟ್ಟುಬಿಡುತ್ತಾರೆ, ಕೇಳಿ ತಗೊಳ್ಳಿ. ಹಮ್ ವಿಚಾರವೂ ಇಲ್ಲೇ ತೀರ್ಮಾನವಾಗುತ್ತದೆ. ನಿಮ್ಮ ಪಿ ಪಿಕಪ್ಪಿನ ಎರಡು ತುಂಡುಗಳು ಒಂದಕ್ಕೊಂದು ಉಲ್ಟಾ ಸುತ್ತಿರುವುದರಿಂದ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಅದರೊಳಗೇ ಕಳೆದುಹೋಗುತ್ತದೆ. ಸಾದಾ ಜೆ ಪಿಕಪ್ ಒಂದೇ ಸುರುಳಿ. ಜಾಝ್ ಬೇಸ್‌ನಲ್ಲಿ ಇಂಥ ಎರಡು ಸೇರಿ ಹಮ್ ಕಳೆಯುತ್ತವೆ. ಪಿ ಜೊತೆ ಆ ಅನುಕೂಲ ಇಲ್ಲ, ಜೆ ತೆರೆದಾಗೆಲ್ಲ ಹಮ್ ಬರುತ್ತದೆ. ಡಿಮ್ಮರ್ ಲೈಟು, ಎಲ್‌ಇಡಿ ಪರದೆ, ಜನರೇಟರ್ ಇರುವ ಸ್ಟೇಜಿನಲ್ಲಿ ಅದು ತಲೆನೋವು. ನೋಡಲು ಜೆ ಪಿಕಪ್ಪಿನ ಹಾಗೇ ಇದ್ದು ಒಳಗೆ ಎರಡು ಸುರುಳಿ ಇರುವ ಹಮ್ ಕ್ಯಾನ್ಸಲಿಂಗ್ ಮಾದರಿ ಸಿಗುತ್ತದೆ. ಸ್ವಲ್ಪ ತುಟ್ಟಿ. ನಿಮ್ಮಂಥ ಕಾರ್ಯಕ್ರಮಗಳಿಗೆ ಅದನ್ನೇ ತಗೊಳ್ಳಿ ಎನ್ನುತ್ತೇನೆ. ಬ್ಯಾಟರಿ ಬೇಕಾದ ಆಕ್ಟಿವ್ ಪಿಕಪ್ಪನ್ನು ನಿಮ್ಮ ಪ್ಯಾಸಿವ್ ಪಿಕಪ್ ಜೊತೆ ಬೆರೆಸಬೇಡಿ. ಅವಕ್ಕೆ ಸಾಮಾನ್ಯವಾಗಿ 25 ಕಿಲೋ ಓಮ್ ಪಾಟ್ ಬೇಕು, ನಿಮ್ಮದಕ್ಕೆ 250. ಸುಮ್ನೆ ಗೋಜಲು.

ಜಾಗ ಗುರುತು ಹಾಕುವಾಗ ತಂತಿ ಮೇಲೇ ಇರಲಿ. ಬಾಡಿಯ ಮಧ್ಯದಲ್ಲಿರುವ ಮರದ ಜೋಡಣೆಯ ಗೆರೆಯನ್ನು ನಂಬಬೇಡಿ, ಅಂಚಿನಿಂದಲೂ ಅಳೆಯಬೇಡಿ. ಕಡಿಮೆ ಬೆಲೆಯ ಬೇಸ್‌ಗಳಲ್ಲಿ ನೆಕ್ ಒಂದೆರಡು ಮಿಲಿಮೀಟರ್ ಓರೆ ಇರುವುದು ಮಾಮೂಲು. ಪಿಕಪ್ ಬರುವ ಜಾಗದಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಇ ತಂತಿ ಮತ್ತು ಜಿ ತಂತಿಯ ನೇರ ಕೆಳಗೆ ಗುರುತು ಮಾಡಿ, ಅವೆರಡರ ನಡು ನಿಮ್ಮ ಸೆಂಟರ್. ಬ್ರಿಡ್ಜ್ ತಟ್ಟೆಯ ಮುಂದಿನ ಅಂಚು, ಪಿಕ್‌ಗಾರ್ಡ್ ಅಂಚು ಎರಡಕ್ಕೂ ಪಿಕಪ್ ತಾಗುವುದಿಲ್ಲ ಎಂದು ನೋಡಿಕೊಳ್ಳಿ. ಬಳಿಕ ತಂತಿ, ನೆಕ್, ಬ್ರಿಡ್ಜ್, ಪಿಕ್‌ಗಾರ್ಡ್ ಎಲ್ಲ ಬಿಚ್ಚಿ.

ಒಂದು ವೈರ್ ಮರೆಯಬೇಡಿ. ಬ್ರಿಡ್ಜ್ ಕೆಳಗಿನಿಂದ ಕಂಟ್ರೋಲ್ ಗುಂಡಿಗೆ (ಪಾಟ್‌ಗಳು ಕೂರುವ ಹಳ್ಳ) ಒಂದು ಗ್ರೌಂಡ್ ವೈರ್ ಮರದೊಳಗೆ ಹೋಗಿರುತ್ತದೆ. ಹೊಸ ಗುಂಡಿ ಬರುವುದು ಹೆಚ್ಚುಕಡಿಮೆ ಅದರ ದಾರಿಯಲ್ಲೇ. ಹಾಗೇ ಕೊರೆದರೆ ಬಿಟ್ ಅದನ್ನು ಸುತ್ತಿಕೊಂಡು ಎಳೆಯುತ್ತದೆ. ಮೊದಲೇ ಹೊರಗೆ ಎಳೆದಿಡಿ, ಆಮೇಲೆ ವಾಪಸ್ ಹಾಕಬಹುದು.

ಈಗ ನಿಮ್ಮ ಬಡಗಿಯ ಟ್ರಿಮ್ಮರ್. ಯಂತ್ರ ಸರಿಯೇ, ಬಿಟ್ ಮಾತ್ರ ನೋಡಿ. ಸನ್‌ಮೈಕಾ ಅಂಚು ಸವರುವ ಬಿಟ್‌ಗೆ ಬೇರಿಂಗ್ ತುದಿಯಲ್ಲಿರುತ್ತದೆ. ಅದರಿಂದ ಈ ಕೆಲಸ ಆಗುವುದಿಲ್ಲ. ಬೇರಿಂಗ್ ಮೇಲೆ, ಶ್ಯಾಂಕ್ (ಯಂತ್ರಕ್ಕೆ ಸಿಕ್ಕಿಸುವ ದಂಡ) ಕಡೆ ಇರುವ ಬಿಟ್ ಬೇಕು. ಬೇರಿಂಗ್ ಟೆಂಪ್ಲೇಟಿನ ಅಂಚಿಗೆ ಒರಗಿ ಓಡುತ್ತದೆ, ಕೆಳಗಿನ ಅಲಗು ಮರ ಕತ್ತರಿಸುತ್ತದೆ. ಬಿಟ್‌ನ ಅಲಗು 25 ಮಿ.ಮೀ ಉದ್ದ, ಟೆಂಪ್ಲೇಟ್ 12 ಮಿ.ಮೀ ಎಂಡಿಎಫ್ ಆದರೆ ಮೊದಲ ಸುತ್ತಿಗೇ ಬಿಟ್ 13 ಮಿ.ಮೀ ಒಳಗಿಳಿಯಬೇಕಾಗುತ್ತದೆ. ಅಷ್ಟು ಒಮ್ಮೆಲೇ ಕಚ್ಚಿಸಿದರೆ ಯಂತ್ರ ಕೈ ಮೀರಿ ಹಾರುತ್ತದೆ. ಹಾಳಾದ ಬಾಡಿಗಳಲ್ಲಿ ಇದೇ ಗುರುತು ಜಾಸ್ತಿ ಕಾಣುತ್ತೇನೆ. ಗಿಡ್ಡ ಅಲಗಿನ ಬಿಟ್ ಬಳಸಿ, ಜೊತೆಗೆ ಟೆಂಪ್ಲೇಟ್ 18 ಮಿ.ಮೀ ದಪ್ಪದ್ದು ಮಾಡಿ. ಅದಕ್ಕೂ ಮುಂಚೆ 16 ಮಿ.ಮೀ ಫಾರ್ಸ್ಟ್‌ನರ್ ಬಿಟ್‌ನಿಂದ (ಚಪ್ಪಟೆ ತಳದ ತೂತು ಹೊಡೆಯುವ ಬಿಟ್) ಸಾಲಾಗಿ ತೂತು ಹೊಡೆದು ಹೆಚ್ಚಿನ ಮರ ತೆಗೆದುಬಿಡಿ. ಆಮೇಲೆ ಟ್ರಿಮ್ಮರ್‌ಗೆ ಗೋಡೆ ನುಣುಪು ಮಾಡುವ ಕೆಲಸ ಮಾತ್ರ ಉಳಿಯುತ್ತದೆ. ಪ್ರತಿ ಸುತ್ತಿಗೆ ಮೂರು ಮಿಲಿಮೀಟರ್, ಅದಕ್ಕಿಂತ ಬೇಡ. ಎರಡೂ ತುದಿಯ ಸ್ಕ್ರೂ ಕಿವಿಗಳನ್ನು ಸಣ್ಣ ಬಿಟ್ ಅಥವಾ ಉಳಿಯಲ್ಲಿ ಕೈಯಿಂದಲೇ ತಿದ್ದಿ.

ಟೆಂಪ್ಲೇಟ್ ಅಂಟಿಸಲು ಡಬಲ್ ಸೈಡ್ ಟೇಪ್ ಸಾಕು ಎನ್ನುತ್ತಾರೆ. ಏಪ್ರಿಲ್ ಮೇ ಬಿಸಿಲಿನಲ್ಲಿ ನಮ್ಮ ಕಡೆ ಅದರ ಗೋಂದು ಮೆತ್ತಗಾಗಿ ನಿಧಾನಕ್ಕೆ ಜಾರುತ್ತದೆ, ಗೊತ್ತೇ ಆಗುವುದಿಲ್ಲ. ಟೆಂಪ್ಲೇಟನ್ನು ದೊಡ್ಡದಾಗಿ ಮಾಡಿ, ಬ್ರಿಡ್ಜ್ ಸ್ಕ್ರೂಗಳ ತೂತಿಗೇ ಅದನ್ನು ಸ್ಕ್ರೂ ಹಾಕಿ ಕೂರಿಸಿ. ಆ ತೂತುಗಳು ಹೇಗೂ ಇವೆ, ಬ್ರಿಡ್ಜ್ ಅವನ್ನು ಮುಚ್ಚುತ್ತದೆ. ಇನ್ನೊಂದು ಬದಿಗೆ ಕ್ಲ್ಯಾಂಪ್.

ಪಾಲಿಯೆಸ್ಟರ್ ಬಣ್ಣ ದಪ್ಪಗೆ ಗಾಜಿನ ಹಾಗೆ ಕೂತಿರುತ್ತದೆ. ಕೊರೆಯುವ ಗೆರೆಯ ಮೇಲೆ ಟೇಪ್ ಅಂಟಿಸಿ, ಚೂಪಾದ ಬ್ಲೇಡಿನಿಂದ ಬಣ್ಣವನ್ನು ಮೊದಲೇ ಗೀರಿ. ಇಲ್ಲದಿದ್ದರೆ ಸಿಪ್ಪೆ ಏಳುತ್ತದೆ, ಅದು ಪಿಕಪ್ಪಿನ ಕವರಿನ ಆಚೆಗೂ ಕಾಣುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಮತ್ತೆ, ಬೇಸ್ ಮುಟ್ಟುವ ಮುಂಚೆ ಬಡಗಿ ಅದೇ ಟೆಂಪ್ಲೇಟ್‌ನಲ್ಲಿ ಒಂದು ತುಂಡು ಹಲಗೆ ಕೊರೆದು ತೋರಿಸಲಿ. ಪಿಕಪ್ ಅದರಲ್ಲಿ ಸಲೀಸಾಗಿ ಕೂತರೆ ಮುಂದುವರಿಯಿರಿ. ಅರ್ಧ ಗಂಟೆಯ ಕೆಲಸ ಎಂದರಲ್ಲ, ಕೊರೆಯುವುದು ಅಷ್ಟೇ ಹೊತ್ತು. ತಯಾರಿಗೆ ಒಂದು ದಿನ ಇಟ್ಟುಕೊಳ್ಳಿ.

ಗುಂಡಿಯಿಂದ ಕಂಟ್ರೋಲ್ ಗುಂಡಿಗೆ ವೈರ್ ಹೋಗಲು 6 ಮಿ.ಮೀ ಸುರಂಗ ಬೇಕು. ಇದಕ್ಕೆ ಉದ್ದನೆಯ ಡ್ರಿಲ್ ಬಿಟ್ ಬೇಕು. ಗಿಡ್ಡ ಬಿಟ್ ಹಾಕಿದರೆ ಡ್ರಿಲ್‌ನ ತಲೆ ಗುಂಡಿಯ ಅಂಚಿಗೆ ಬಡಿಯುತ್ತದೆ, ಕೋನ ಕಡಿದಾಗಿ ಬಿಟ್ ಬಾಡಿಯ ಹಿಂಬದಿಗೆ ಹೊರಬರಬಹುದು. ಅದನ್ನು ಮುಚ್ಚಲು ಯಾವ ಸ್ಟಿಕ್ಕರ್ ಅಂಟಿಸಿದರೂ ಗೊತ್ತಾಗುತ್ತದೆ.

ವೈರಿಂಗ್ ಬಗ್ಗೆ ಉದ್ದ ಬರೆಯುವುದಿಲ್ಲ. ಎರಡು ವಾಲ್ಯೂಮ್, ಒಂದು ಟೋನ್, ಮೂರೂ 250 ಕಿಲೋ ಓಮ್, ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಪಿಕ್‌ಗಾರ್ಡ್‌ನಲ್ಲಿ ಮೂರನೇ ತೂತು ಬೇಕಾಗುತ್ತದೆ. ಪ್ರತಿ ಪಿಕಪ್ಪಿನ ಹಾಟ್ ವೈರನ್ನು ವಾಲ್ಯೂಮ್ ಪಾಟ್‌ನ ನಡುವಿನ ಕಾಲಿಗೆ ಹಾಕಿ, ಹೊರಗಿನ ಕಾಲಿನಿಂದ ಔಟ್‌ಪುಟ್ ತೆಗೆಯಿರಿ. ಉಲ್ಟಾ ಹಾಕಿದರೆ ಒಂದು ವಾಲ್ಯೂಮ್ ಪೂರ್ತಿ ಇಳಿಸಿದ ಕೂಡಲೇ ಎರಡೂ ಪಿಕಪ್ ಬಂದ್ ಆಗುತ್ತವೆ. ಕೊನೆಯ ಬೆಸುಗೆಗೆ ಮುಂಚೆ ಎರಡೂ ತೆರೆದು ಕೇಳಿ. ಕೆಳಗಿನ ಸ್ವರ ಮಾಯವಾದರೆ ಜೆ ಪಿಕಪ್ಪಿನ ಎರಡು ವೈರ್ ಬದಲಿಸಿ. ನೇತುಹಾಕಿ ಕೇಳಿದಾಗ ಸರಿಯಿದ್ದ ದಿಕ್ಕು ಈಗ ತಪ್ಪಿರಬಹುದು, ಆಗಲೇ ಹೇಳಿದೆ. ಗುಂಡಿಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್‌ಗೆ ಸೇರಿಸಿದರೆ ಹೊರಗಿನ ವಿದ್ಯುತ್ ಗದ್ದಲ ಇನ್ನೂ ಕಡಿಮೆ.

ಯಾವಾಗ ಕೊರೆಯಬಾರದು? ಬೇಸ್ ಹಳೆಯದು, ಬೆಲೆ ಬಾಳುವುದು ಎಂದಾದರೆ ಮುಟ್ಟಬೇಡಿ. ಮನೆಯಲ್ಲಿ ಕೊರೆದ ವಾದ್ಯಕ್ಕೆ ಮಾರುವಾಗ ಬೆಲೆ ಬೀಳುತ್ತದೆ, ಎಷ್ಟೇ ಅಚ್ಚುಕಟ್ಟಾಗಿರಲಿ. ಪಿಕಪ್, ಬಿಟ್, ಪಾಟ್, ಪಿಕ್‌ಗಾರ್ಡ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ನಿಮ್ಮದನ್ನು ಮಾರಿ, ಪಿ-ಜೆ ಆಗಿಯೇ ಬರುವ ಇನ್ನೊಂದು ಸೆಕೆಂಡ್ ಹ್ಯಾಂಡ್ ಬೇಸ್ ಕೊಳ್ಳುವುದು ಕೆಲವು ಸಲ ಅಗ್ಗ. ಬೋಲ್ಟ್ ಹಾಕಿದ ನೆಕ್ ಇದ್ದರೆ ಪಿ-ಜೆ ಗುಂಡಿ ಇರುವ ಬೇರೆ ಬಾಡಿ ಮಾತ್ರ ತಂದು ನಿಮ್ಮ ನೆಕ್ ಅದಕ್ಕೆ ಹಾಕಬಹುದು. ಹಳೆ ಬಾಡಿ ಅಟ್ಟದ ಮೇಲೆ ಹಾಗೇ ಇರುತ್ತದೆ. ನೆಕ್ ಪಾಕೆಟ್ (ಬಾಡಿಯಲ್ಲಿ ನೆಕ್ ಕೂರುವ ಹಳ್ಳ) ಅಳತೆ ತಾಳೆ ನೋಡಿ ಕೊಳ್ಳಿ. ಕೆಲವರು ಬ್ರಿಡ್ಜ್ ಬಿಟ್ಟು ನೆಕ್ ಬುಡದಲ್ಲಿ ಪಿಕಪ್ ಹಾಕುತ್ತಾರೆ. ಅಮೆರಿಕದ ಬೇಸ್ ವಾದಕ ಬಿಲ್ಲಿ ಶೀಹನ್ ತಮ್ಮ ಪ್ರಿಸಿಷನ್ ಬೇಸ್‌ಗೆ ಗಿಬ್ಸನ್ ಕಂಪನಿಯ ಇಬಿ-0 ಬೇಸ್‌ನ ಪಿಕಪ್ಪನ್ನು ಹೀಗೇ ಕೂರಿಸಿಕೊಂಡರು, ಅದಕ್ಕೆ ಬೇರೆ ಔಟ್‌ಪುಟ್ ಕೂಡ ಕೊಟ್ಟುಕೊಂಡರು. ಅದು ಇನ್ನೂ ದಪ್ಪ ಸೌಂಡಿಗೆ. ನಿಮಗೆ ಬೇಕಾದ್ದಕ್ಕೆ ವಿರುದ್ಧ. ಅಲ್ಲಿ ಗುಂಡಿ ನೆಕ್ ಪಾಕೆಟ್‌ಗೆ ಹತ್ತಿರ ಬರುವುದರಿಂದ ಮರದ ಬಲದ ಭಯವೂ ನಿಜ.

ಕೊನೆಗೆ ತುಟಿಯ ಜುಂ. ಇದನ್ನು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಚಿಂತೆಯಾಗಿದ್ದು ಇದೇ. ಪಿಕಪ್ ಹುಟ್ಟಿಸುವುದು ಮಿಲಿವೋಲ್ಟ್ ಲೆಕ್ಕದ ವಿದ್ಯುತ್. ಎರಡಲ್ಲ, ಹತ್ತು ಪಿಕಪ್ ಹಾಕಿದರೂ ಅದರಿಂದ ಶಾಕ್ ಹೊಡೆಯುವುದಿಲ್ಲ. ನಿಮ್ಮ ತಂತಿ ಬ್ರಿಡ್ಜ್ ಮೂಲಕ ಆಂಪ್‌ನ ಗ್ರೌಂಡ್‌ಗೆ ಸೇರಿದೆ. ಮೈಕ್ ಮಿಕ್ಸರ್‌ನ ಗ್ರೌಂಡ್‌ಗೆ ಸೇರಿದೆ. ಎರಡೂ ಒಂದೇ ಅರ್ಥಿಂಗ್‌ಗೆ ಸೇರಿರಬೇಕು. ಜಾತ್ರೆ ಸ್ಟೇಜಿನಲ್ಲಿ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್, ಅರ್ಥ್ ಪಿನ್ ಕತ್ತರಿಸಿದ ಪ್ಲಗ್, ಅರ್ಥ್ ಹಾಕದ ಜನರೇಟರ್ ಇದ್ದರೆ ಎರಡರ ನಡುವೆ ವೋಲ್ಟೇಜ್ ನಿಲ್ಲುತ್ತದೆ. ನಿಮ್ಮ ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ. ದಾರಿ ನೀವೇ. ಇವತ್ತು ಜುಂ ಅನ್ನುವುದು ಮಳೆಯಲ್ಲಿ ಒದ್ದೆಯಾದ ಸ್ಟೇಜಿನಲ್ಲಿ ಪ್ರಾಣ ತೆಗೆಯಬಹುದು.

ಇದಕ್ಕೆ ಹೆದರಿ ಬ್ರಿಡ್ಜ್‌ನ ಗ್ರೌಂಡ್ ವೈರ್ ಕತ್ತರಿಸುವವರು ಇದ್ದಾರೆ. ಅದರಿಂದ ಹಮ್ ಜಾಸ್ತಿಯಾಗುತ್ತದೆ, ಮೂಲದ ದೋಷ ಹಾಗೇ ಉಳಿಯುತ್ತದೆ, ಜ್ಯಾಕು, ಲೋಹದ ನಾಬು ಮುಟ್ಟಿದರೆ ಮತ್ತೆ ಅದೇ ಕಥೆ. ಕತ್ತರಿಸಬೇಡಿ. ತಂಡಕ್ಕೆ ಮೂರು ಪಿನ್ನಿನ ಒಂದು ಒಳ್ಳೆಯ ಬೋರ್ಡ್ ಮಾಡಿಸಿ, ಅದರಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಹಾಕಿಸಿ. ಬೇಸ್ ಆಂಪ್, ಮಿಕ್ಸರ್, ಕೀಬೋರ್ಡ್ ಎಲ್ಲಕ್ಕೂ ಅದರಿಂದಲೇ ಕರೆಂಟು ಕೊಡಿ. ಹಾಡುವ ಮುಂಚೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಒಂದು ಮೊನೆ ತಂತಿಗೆ, ಇನ್ನೊಂದು ಮೈಕಿನ ಜಾಲಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಮೈಕ್ ಹತ್ತಿರ ಹೋಗಬೇಡಿ, ಎಲೆಕ್ಟ್ರಿಷಿಯನ್‌ನ ಕರೆಸಿ. ಮುಂದಿನ ಕಾರ್ಯಕ್ರಮಕ್ಕೆ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಜನರೇಟರ್‌ಗೆ ಅರ್ಥಿಂಗ್ ಕಡ್ಡಿ ಹೊಡೆದಿರಬೇಕು ಎಂದು ಶಾಮಿಯಾನದವರಿಗೆ ಹೇಳಿಬಿಡಿ.